97ರ ಕಾರ್ಬ್ಯುರೇಟರ್ ಝೆನ್‌ಗೆ ಎಸ್ಟೀಮ್ ಎಂಜಿನ್ ಹಾಕಿಸೋದಾ, ಇರೋದನ್ನೇ ಬಿಚ್ಚಿ ರಿಪೇರಿ ಮಾಡಿಸೋದಾ? ಬಜೆಟ್ 60 ಸಾವಿರ

ಕೊಟ್ಟಿಗೆಹಾರ_ಝೆನ್
ಎಲ್ಲರಿಗೂ ನಮಸ್ಕಾರ. ನಮ್ಮನೇಲಿ 1997ರ ಮಾರುತಿ ಝೆನ್ ಇದೆ, ಕಾರ್ಬ್ಯುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸೋ ಹಳೇ ಸಾಧನ) ಇರೋ ಮಾಡೆಲ್. ಅಪ್ಪ ಹೊಸದಾಗಿ ತಗೊಂಡಿದ್ದು, ಇವತ್ತಿಗೂ ಅವರ ಹೆಸರಲ್ಲೇ ಇದೆ. ಮಲೆನಾಡಿನ ಮಳೆ ತಿಂದರೂ ಬಾಡಿ ಗಟ್ಟಿ ಇದೆ, ಅಡಿಯಲ್ಲಿ ದೊಡ್ಡ ತುಕ್ಕಿಲ್ಲ. ಆರ್‌ಸಿ 2027ರ ತನಕ ಇದೆ.

ಸಮಸ್ಯೆ ಎಂಜಿನ್‌ದು. ನಾಲ್ಕು ಜನ ಕೂತು ಚಾರ್ಮಾಡಿ ಘಾಟಿ ಹತ್ತಿದ್ರೆ ಎರಡನೇ ಗೇರ್ ದಾಟಲ್ಲ. ಎಸಿ ಹಾಕೋ ಹಾಗೇ ಇಲ್ಲ. ಐಡಲ್‌ನಲ್ಲಿ ನಡುಗುತ್ತೆ. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬರುತ್ತೆ, ಆಮೇಲೆ ನಿಲ್ಲುತ್ತೆ. ಊರಿನ ಗ್ಯಾರೇಜಲ್ಲಿ "ಎಂಜಿನ್ ಮುಗೀತು, ಮಾರುತಿ ಎಸ್ಟೀಮ್ ಕಾರಿಂದು 1.3 ಲೀಟರ್ ಎಂಜಿನ್ ತಂದು ಕೂರಿಸೋಣ, ಹಾರುತ್ತೆ" ಅಂತಿದ್ದಾರೆ. ಎಲ್ಲಾ ಸೇರಿ 60 ಸಾವಿರದ ಮೇಲೆ ನನ್ನ ಕೈಲಾಗಲ್ಲ. ಮಾರೋ ಯೋಚನೆ ಇಲ್ಲ, ದಯವಿಟ್ಟು ಆ ಸಲಹೆ ಬೇಡ. ಏನು ಮಾಡಲಿ?

ಟರ್ಬೊ_ತುಮಕೂರು
ಎಸ್ಟೀಮ್ ಎಂಜಿನ್ ಗುರು, ಎರಡನೇ ಮಾತೇ ಬೇಡ. ನಿಮ್ಮದು ಜಿ10ಬಿ, 993 ಸಿಸಿ, ಹೊಸದಿದ್ದಾಗಲೇ 50 ಬಿಎಚ್‌ಪಿ. ಎಸ್ಟೀಮ್‌ದು ಜಿ13, 1298 ಸಿಸಿ, ಕಾರ್ಬ್‌ನಲ್ಲಿ 65, ಎಂಪಿಎಫ್‌ಐ (ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸೋದು) ಆದ್ರೆ 85. ಎರಡೂ ಒಂದೇ ಕುಟುಂಬ, ಅಡ್ಡ ಕೂರೋ ಎಂಜಿನ್. ರ್‍ಯಾಲಿ ಹುಡುಗರು ಝೆನ್‌ಗೆ ಇದನ್ನ ಹಾಕ್ಕೊಂಡು ಬರ್ತಾನೇ ಇದ್ದಾರೆ. ಅಷ್ಟು ಹಗುರ ಕಾರಿಗೆ 85 ಕುದುರೆ ಅಂದ್ರೆ ಚಾರ್ಮಾಡಿ ಮೂರನೇ ಗೇರಲ್ಲೇ ಮುಗಿಯುತ್ತೆ.

ಪೀಣ್ಯ_ಲೇತ್
ಒಂದು ನಿಮಿಷ ಸ್ವಾಮಿ. ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಚೆಕ್ ಮಾಡಿದಾರಾ? ಗೇಜ್ ಹಾಕದೇ "ಎಂಜಿನ್ ಮುಗೀತು" ಅಂದಿದ್ರೆ ಆ ಮಾತಿಗೆ ಬೆಲೆ ಇಲ್ಲ.

ಕೊಟ್ಟಿಗೆಹಾರ_ಝೆನ್
ಇಲ್ಲ ಸರ್. ಸದ್ದು ಕೇಳಿ, ಹೊಗೆ ನೋಡಿ ಹೇಳಿದ್ದು.

ಮಂಡ್ಯ_ಹೈದ
ಅಲ್ಲಿಗೆ ಮುಗೀತು ಕಣಣ್ಣ. ಮೊದ್ಲು ಗೇಜ್ ಇರೋ ಗ್ಯಾರೇಜ್ ಹುಡುಕು.

ಪೀಣ್ಯ_ಲೇತ್
ಬಿಡಿಸಿ ಹೇಳ್ತೀನಿ, ಇದು ಎಲ್ಲರಿಗೂ ಉಪಯೋಗಕ್ಕೆ ಬರುತ್ತೆ. ಎಂಜಿನ್ ಬಿಸಿ ಮಾಡಿ. ನಾಲ್ಕೂ ಪ್ಲಗ್ ಬಿಚ್ಚಿ. ಕಾಯಿಲ್ ವೈರ್ ತೆಗೆದಿಡಿ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆದು ಒಂದೊಂದೇ ಸಿಲಿಂಡರ್ ಅಳೀರಿ. ಈ ಸುಝುಕಿ ಎಂಜಿನ್‌ಗಳು ಆರೋಗ್ಯವಾಗಿದ್ರೆ 170 ಪಿಎಸ್‌ಐ ಮೇಲೆ ತೋರಿಸಬೇಕು. ಅದಕ್ಕಿಂತ ಮುಖ್ಯ ಅಂದ್ರೆ ಸಿಲಿಂಡರ್‌ನಿಂದ ಸಿಲಿಂಡರ್‌ಗೆ ವ್ಯತ್ಯಾಸ 15 ಪಿಎಸ್‌ಐ ಒಳಗಿರಬೇಕು.

ಕಮ್ಮಿ ಬಂದ ಸಿಲಿಂಡರ್‌ಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೀರಿ. ರೀಡಿಂಗ್ ಏರಿದ್ರೆ ಪಿಸ್ಟನ್ ರಿಂಗ್ ಸವೆದಿದೆ, ಯಾಕಂದ್ರೆ ಎಣ್ಣೆ ಆ ಸಂದನ್ನ ತಾತ್ಕಾಲಿಕವಾಗಿ ಮುಚ್ಚುತ್ತೆ. ಏರದೇ ಇದ್ರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಮೇಲ್ಭಾಗವಾದ ಹೆಡ್‌ಗೂ ಕೆಳಗಿನ ಬ್ಲಾಕ್‌ಗೂ ನಡುವಿನ ಸೀಲ್). ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬಿದ್ದಿದ್ರೆ ಮೊದಲ ಅನುಮಾನ ಗ್ಯಾಸ್ಕೆಟ್ ಮೇಲೆ.

ನೀಲಿ ಹೊಗೆ ಸ್ಟಾರ್ಟಿಂಗಲ್ಲಿ ಮಾತ್ರ ಬಂದು ನಿಲ್ಲುತ್ತೆ ಅಂದ್ರಲ್ಲ, ಅದು ಬಹುಮಟ್ಟಿಗೆ ವಾಲ್ವ್ ಸ್ಟೆಮ್ ಸೀಲ್. ರಾತ್ರಿಯಿಡೀ ಎಣ್ಣೆ ಸೀಲ್ ದಾಟಿ ಕೆಳಗಿಳಿದಿರುತ್ತೆ, ಬೆಳಿಗ್ಗೆ ಸುಡುತ್ತೆ. ರಿಂಗ್ ಹೋಗಿದ್ರೆ ಘಾಟಿ ಹತ್ತುವಾಗ ಹಿಂದೆ ಬರೋರಿಗೆ ದಾರಿ ಕಾಣಬಾರದು, ಅಷ್ಟು ಹೊಗೆ ಇರುತ್ತೆ.

ಕುಡ್ಲದ_ಡ್ರೈವರ್
ಪೀಣ್ಯದವರು ಹೇಳಿದ್ದು ಸರಿ ಉಂಟು ಮಾರಾಯ್ರೆ. ನಾನು ಚಾರ್ಮಾಡಿಯಲ್ಲಿ ಹಳೆ ಓಮ್ನಿ ಬಿಟ್ಟವ. 796 ಸಿಸಿ, ಒಳಗೆ ಜನ, ಮೇಲೆ ಲಗೇಜ್. ಆದ್ರೂ ಹತ್ತುತ್ತಿತ್ತು. ಝೆನ್ ಒಂದು ಸರಿಯಾಗಿದ್ರೆ ನಾಲ್ಕು ಜನರಿಗೆ ಎರಡರಲ್ಲೇ ಅಳುವ ಗಾಡಿ ಅಲ್ಲ ಅದು. ತಿರುವಿನಲ್ಲಿ ಎರಡು, ನೇರ ಇದ್ದಲ್ಲಿ ಮೂರು ಹಾಕ್ಲಿಕ್ಕೇ ಬೇಕು. ಏನೋ ಒಂದು ಕೈಕೊಟ್ಟಿದೆ.

ಕ್ಲಚ್ ಸಹ ನೋಡಿಸಿ. ಆಕ್ಸಿಲರೇಟರ್ ಕೊಟ್ಟಾಗ ಸದ್ದು ಏರಿ ವೇಗ ಏರದಿದ್ರೆ ಅದು ಕ್ಲಚ್ಚಿಂದು, ಎಂಜಿನ್‌ದು ಅಲ್ಲ.

ಟರ್ಬೊ_ತುಮಕೂರು
ಎಲ್ಲಾ ಒಪ್ಪಿದೆ. ಆದ್ರೂ ಸರಿ ಮಾಡಿಸಿದ ಮೇಲೂ ಅದು 50 ಬಿಎಚ್‌ಪಿನೇ. ಅಲ್ಲಿ ಸುಮಾರು ಸಾವಿರ ಮೀಟರ್ ಎತ್ತರ, ಗಾಳಿ ತೆಳು, ಟರ್ಬೊ ಇಲ್ಲದ ಎಂಜಿನ್‌ಗೆ ಶೇ 10ರಷ್ಟು ಶಕ್ತಿ ಅಲ್ಲೇ ಹೋಗುತ್ತೆ. ಎಸಿ ಕಂಪ್ರೆಸರ್ ಇನ್ನೊಂದಿಷ್ಟು ತಿನ್ನುತ್ತೆ. ಜಿ10ರ ಸ್ಟ್ರೋಕ್ (ಪಿಸ್ಟನ್ ಓಡಾಡೋ ದೂರ) 61 ಮಿಮೀ, ಜಿ13ರದ್ದು 75.5. ಬೋರ್ (ಸಿಲಿಂಡರ್ ಅಗಲ) ವ್ಯತ್ಯಾಸ ಬರೀ 2 ಮಿಮೀ. ಕೆಳಗಿನ ಎಳೆತ ಬರೋದೇ ಆ ಸ್ಟ್ರೋಕಿಂದ. ಘಾಟಿಗೆ ಬೇಕಾದ್ದು ಅದೇ. 15 ಸಾವಿರ ಹಾಕಿ ಹಳೇದನ್ನೇ ಇಟ್ಕೊಳ್ಳೋದಕ್ಕಿಂತ 50 ಹಾಕಿ ಒಂದೇ ಸಲ ಮುಗಿಸಿ.

ಕಾಗದಪತ್ರ
ಇಲ್ಲಿಯವರೆಗೆ ಒಬ್ಬರೂ ಆರ್‌ಸಿ ವಿಷಯ ಎತ್ತಿಲ್ಲ.

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಓದಿ. ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಎರಡೂ ಆಗಬಹುದು.

ಅದೇ ಮಾದರಿಯ, ಅದೇ ಸಿಸಿಯ ಎಂಜಿನ್ ಬದಲಿಸೋದು ಬೇರೆ ವಿಷಯ. ಆರ್‌ಟಿಒದಲ್ಲಿ ಅನುಮತಿ ಪಡೆದು ಹೊಸ ಎಂಜಿನ್ ನಂಬರ್ ಆರ್‌ಸಿಗೆ ಸೇರಿಸಿಕೊಳ್ಳಬಹುದು. 993 ಸಿಸಿ ಅಂತ ಬರೆದಿರೋ ಕಾರಿನೊಳಗೆ 1298 ಸಿಸಿ ಇಟ್ಕೊಂಡು ಓಡಾಡೋದು ಹಾಗಲ್ಲ. ನಾಳೆ ಅಪಘಾತ ಆದ್ರೆ ವಿಮೆಯವರು ಮೊದಲು ನೋಡೋದು ಎಂಜಿನ್ ನಂಬರ್. ಥರ್ಡ್ ಪಾರ್ಟಿ ಪರಿಹಾರ ಲಕ್ಷಗಟ್ಟಲೆ ಇರುತ್ತೆ, ಅದು ನಿಮ್ಮ ತಂದೆಯ ತಲೆಮೇಲೆ ಬರೋ ಅಪಾಯ ಇದೆ. ಗಾಡಿ ಅವರ ಹೆಸರಲ್ಲಿದೆ ಅಂತ ನೀವೇ ಬರೆದಿದ್ದೀರಿ.

ಟರ್ಬೊ_ತುಮಕೂರು
ಯಾರೂ ಬಾನೆಟ್ ಎತ್ತಿ ಸಿಸಿ ಅಳೆಯಲ್ಲ ಸರ್. ನೂರಾರು ಗಾಡಿ ಹೀಗೇ ಓಡ್ತಿವೆ.

ಕಾಗದಪತ್ರ
ಓಡ್ತಿವೆ, ನಿಜ. ಅದರಲ್ಲಿ ಎಷ್ಟು ಗಾಡಿಯವರು ದೊಡ್ಡ ಕ್ಲೇಮ್‌ಗೆ ಹೋಗಿದ್ದಾರೆ ಹೇಳಿ. ಇವರಿಗೆ 2027ರಲ್ಲಿ ಮತ್ತೆ ತಪಾಸಣೆ ಇದೆ, ಚಾಸಿ ನಂಬರ್ ಎಂಜಿನ್ ನಂಬರ್ ಎರಡನ್ನೂ ನೋಡ್ತಾರೆ. 20 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 2025ರ ಆಗಸ್ಟ್‌ನಿಂದ 10 ಸಾವಿರ ಆಗಿದೆ. ಆ ದುಡ್ಡನ್ನೂ ಇದೇ ಬಜೆಟ್‌ನಲ್ಲಿ ತೆಗೆದಿಡಬೇಕು ಅನ್ನೋದು ನನ್ನ ಮಾತು.

ಹುಬ್ಬಳ್ಳಿ_ಅಂಬಾಸಿಡರ್
ನಮ್ಮ ಕಡೆ ಒಂದ್ ಕಾಲದಾಗ ಇದೆಲ್ಲಾ ಕೇಳೋರ ಇದ್ದಿಲ್ರಿ. ಪೆಟ್ರೋಲ್ ಅಂಬಾಸಿಡರ್‌ಗೆ ಡೀಸೆಲ್ ಎಂಜಿನ್ ಕುಂದ್ರಿಸಿ ಟ್ಯಾಕ್ಸಿ ಹೊಡಿತಿದ್ರು. ಮ್ಯಾಟಡಾರ್ ಎಂಜಿನ್ ಹಾಕಿದ ಗಾಡಿ ಬಂತಂದ್ರ ಎರಡು ಓಣಿ ಆಚೆನ ಗೊತ್ತಾಗ್ತಿತ್ತು. ಮುಂದ ಕಂಪನಿನ 1992ರಾಗ ಇಸುಝು 1.8 ಪೆಟ್ರೋಲ್ ಎಂಜಿನ್ ಹಾಕಿ ಬಿಡ್ತು ನೋಡ್ರಿ. ಅದರ ಮಜಾನ ಬ್ಯಾರೆ. ನನ್ನ ಗಾಡಿ ಅದ ಐತಿ, ಇನ್ನೂ ಕಂಪನಿ ಎಂಜಿನ್‌ನ.

ಸಕಲೇಶಪುರ_ಜಿಪ್ಸಿ
ಮಲೆನಾಡಲ್ಲೂ ಅದೇ ಕಥೆ. ತೋಟದ ಪೆಟ್ರೋಲ್ ಜೀಪ್‌ಗಳು ಮುಕ್ಕಾಲು ಪಾಲು ಡೀಸೆಲ್ ಆದವು. ಹಳೇ ಹರಿಕೇನ್ ಪೆಟ್ರೋಲ್ ಎಂಜಿನ್ ಕುಡಿಯೋದನ್ನ ತಡೆಯೋಕೆ ಯಾರಿಗೂ ಆಗ್ತಿರಲಿಲ್ಲ. ಆದ್ರೆ ಒಂದು ಮಾತು: ಡೀಸೆಲ್ ಎಂಜಿನ್ ಭಾರಕ್ಕೆ ಮುಂದಿನ ಸ್ಪ್ರಿಂಗ್ ಪಟ್ಟಿ ಮುರಿದು, ಬ್ರೇಕ್ ಸಾಲದೆ ಕಷ್ಟ ಪಟ್ಟವರು ಬಹಳ. ಎಂಜಿನ್ ಬದಲಿಸಿದವರು ಬ್ರೇಕ್ ಬದಲಿಸಲೇ ಇಲ್ಲ.

ಝೆನ್ ವಿಷಯದಲ್ಲೂ ಅದನ್ನೇ ಕೇಳ್ತೀನಿ. 85 ಬಿಎಚ್‌ಪಿ ಹಾಕಿ ಅದೇ ಹಳೇ ಡಿಸ್ಕ್, ಅದೇ ಹಿಂದಿನ ಡ್ರಮ್, ಅದೇ ಸಣ್ಣ ಟೈರ್‌ನಲ್ಲಿ ಕೊಟ್ಟಿಗೆಹಾರದಿಂದ ಕೆಳಗಿಳೀತೀರಾ, ಅದೂ ಜುಲೈ ಮಳೇಲಿ?

ಕುಡ್ಲದ_ಡ್ರೈವರ್
ಹತ್ತುವಾಗ ಕಡಿಮೆ ಆದ್ರೆ ನಿಧಾನ ಹೋಗುದು. ಇಳಿಯುವಾಗ ಬ್ರೇಕ್ ಕಡಿಮೆ ಆದ್ರೆ ಎಂತ ಮಾಡುದು?

ಶಿರಸಿ_800
ಎಂಪಿಎಫ್‌ಐ ಎಂಜಿನ್ ಅಂದ್ರೆ ಬರೀ ಎಂಜಿನ್ ಅಲ್ಲ, ಅದನ್ನ ಯಾರೂ ಹೇಳ್ತಿಲ್ಲ. ಕಾರ್ಬ್ ಗಾಡಿಯಲ್ಲಿ ಇಂಧನದ ಒತ್ತಡ ತೀರಾ ಕಡಿಮೆ, ಮೆಕ್ಯಾನಿಕಲ್ ಪಂಪ್ ಸಾಕು. ಎಂಪಿಎಫ್‌ಐಗೆ ಟ್ಯಾಂಕ್ ಒಳಗೆ ಎಲೆಕ್ಟ್ರಿಕ್ ಪಂಪ್ ಬೇಕು, ಹೆಚ್ಚಿನ ಒತ್ತಡ ತಡೆಯೋ ಪೈಪ್ ಬೇಕು, ಇಸಿಯು (ಎಂಜಿನ್‌ನ ಕಂಪ್ಯೂಟರ್), ಪೂರ್ತಿ ವೈರಿಂಗ್, ಎಲ್ಲಾ ಸೆನ್ಸರ್ ಬೇಕು. ಒಂದು ಸೆನ್ಸರ್‌ನ ಕನೆಕ್ಟರ್ ಮುರಿದಿದ್ರೂ ವಾರಗಟ್ಟಲೆ ಹುಡುಕಾಟ. ಕಾರ್ಬ್ಯುರೇಟರ್ ಬಲ್ಲ ಮೇಸ್ತ್ರಿಗೆ ಇಸಿಯು ಗೊತ್ತಿರಬೇಕು ಅಂತೇನಿಲ್ಲ. ನಮ್ಮ ಊರಲ್ಲಿ ಹೀಗೆ ಅರ್ಧ ಆಗಿ ನಿಂತ ಒಂದು ಕಾರಿನ ಮೇಲೆ ಬಳ್ಳಿ ಹಬ್ಬಿದೆ.

ಹಾಕೋದೇ ಆದ್ರೆ ಎಸ್ಟೀಮ್‌ನ ಹಳೇ ಕಾರ್ಬ್ ಎಂಜಿನ್ ನೋಡಿ. 1999ಕ್ಕೆ ಮೊದಲಿನ ಗಾಡಿಗಳದ್ದು. ಆದ್ರೆ ಅವಕ್ಕೂ 25 ವರ್ಷದ ಮೇಲಾಯ್ತು. ಬಿಚ್ಚದೇ ಕೂರಿಸಿದ್ರೆ ಒಂದು ಹಳೇ ಎಂಜಿನ್ ತೆಗೆದು ಇನ್ನೊಂದು ಹಳೇ ಎಂಜಿನ್ ಹಾಕಿದಂಗೆ.

ಪೀಣ್ಯ_ಲೇತ್
ಕೊನೇ ಸಾಲಿಗೆ ನನ್ನ ಪೂರ್ತಿ ಒಪ್ಪಿಗೆ. ಗುಜರಿಯಿಂದ ಬಂದ ಎಂಜಿನ್‌ನೊಳಗೆ ಏನಿದೆ ಅಂತ ಮಾರೋನಿಗೂ ಗೊತ್ತಿರಲ್ಲ. ತಂದ ಮೇಲೆ ಅದಕ್ಕೂ ಹೆಡ್ ಬಿಚ್ಚಬೇಕು, ಸೀಲ್ ಬದಲಿಸಬೇಕು, ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಕ್ಲಚ್ ಹಾಕಬೇಕು. ಅಷ್ಟೇ ಖರ್ಚನ್ನ ನಿಮ್ಮದೇ ಎಂಜಿನ್ ಮೇಲೆ ಹಾಕಿದ್ರೆ ಅದರ ಇತಿಹಾಸ ನಿಮಗೆ ಗೊತ್ತಿದೆ.

ಕಾಗದಪತ್ರ
ಗುಜರಿ ಎಂಜಿನ್ ತಗೊಳ್ಳೋರಿಗೆ ಇನ್ನೊಂದು: ಬಿಲ್ ಮತ್ತು ಆ ಎಂಜಿನ್ ಇದ್ದ ಗಾಡಿಯ ಆರ್‌ಸಿ ರದ್ದಾದ ದಾಖಲೆ ಇಲ್ಲದೆ ಮುಟ್ಟಬೇಡಿ. ನಂಬರ್ ಉಜ್ಜಿದ ಗುರುತಿದ್ರೆ ಅಲ್ಲಿಂದ ಎದ್ದು ಬನ್ನಿ. ಕಳ್ಳಮಾಲು ಅಂತಾದ್ರೆ ಕೇಸ್ ನಿಮ್ಮ ಮೇಲೂ ಬರುತ್ತೆ.

ಮಿಶಿಗನ್_ಮಂಜ
ಇಲ್ಲಿ ಅಮೆರಿಕದಲ್ಲೂ ಇದೇ ಸುಝುಕಿ ಎಂಜಿನ್ ಹುಚ್ಚು ಇದೆ. ಜಿಯೋ ಮೆಟ್ರೋ ಅಂತ ಒಂದು ಕಾರು, ಅದರಲ್ಲಿ 993 ಸಿಸಿ ಮೂರು ಸಿಲಿಂಡರ್. ಜನ ಅದಕ್ಕೆ 1.3 ನಾಲ್ಕು ಸಿಲಿಂಡರ್ ಹಾಕ್ತಾರೆ. ಸಿಸಿ ಅದೇ 993 ಆದ್ರೂ ಝೆನ್ ಎಂಜಿನ್ ಬೇರೆ, ಭಾಗಗಳು ಹೊಂದಲ್ಲ. ಇಂಟರ್ನೆಟ್‌ನಲ್ಲಿ "ಜಿ10" ಅಂತ ನೋಡಿ ಪಿಸ್ಟನ್ ರಿಂಗ್ ತರಿಸಬೇಡಿ. ಸುಝುಕಿ 2012ರಲ್ಲಿ ಇಲ್ಲಿ ಕಾರು ಮಾರೋದನ್ನೇ ನಿಲ್ಲಿಸಿತು. ನೀವು ಬೆಂಗಳೂರಿನ ಜೆಸಿ ರಸ್ತೆಯಲ್ಲಿ ಅರ್ಧ ದಿನದಲ್ಲಿ ತರೋ ಸಾಮಾನಿಗೆ ನಾವಿಲ್ಲಿ ಪರದಾಡ್ತೀವಿ.

ಮಂಡ್ಯ_ಹೈದ
ಸಿಎನ್‌ಜಿ ಹಾಕ್ಸಿದ್ರೆ ಆಗಲ್ವಾ? ಖರ್ಚಾದ್ರೂ ಉಳಿಯುತ್ತೆ.

ಶಿರಸಿ_800
ಅದು ಶಕ್ತಿ ಇನ್ನೂ ಇಳಿಸುತ್ತೆ. ಅವರು ಕೇಳಿದ್ದು ಘಾಟಿ ಹತ್ತೋಕೆ.

ಆದ್ರೆ ಇಂಧನದ ಮಾತು ಬಂದಿದ್ದು ಒಳ್ಳೇದಾಯ್ತು. ಈಗ ಬಂಕ್‌ಗಳಲ್ಲಿ ಸಿಗೋದು ಇ20, ಅಂದ್ರೆ ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಶುದ್ಧ ಪೆಟ್ರೋಲ್ ಪೂರ್ತಿ ಉರಿಯೋಕೆ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು, ಎಥನಾಲ್‌ಗೆ ಸುಮಾರು 9 ಸಾಕು. 20 ಪಾಲು ಎಥನಾಲ್ ಸೇರಿದಾಗ ಅದು ಹದಿಮೂರೂವರೆ ಆಸುಪಾಸಿಗೆ ಬರುತ್ತೆ. ಎಂಪಿಎಫ್‌ಐ ಕಾರಿನಲ್ಲಿ ಆಕ್ಸಿಜನ್ ಸೆನ್ಸರ್ ನೋಡಿ ಇಸಿಯು ಪೆಟ್ರೋಲ್ ಹೆಚ್ಚಿಸುತ್ತೆ. ಕಾರ್ಬ್ಯುರೇಟರ್‌ಗೆ ಕಣ್ಣಿಲ್ಲ. 1997ರ ಪೆಟ್ರೋಲ್‌ಗೆ ಕೊರೆದ ಜೆಟ್‌ನಲ್ಲಿ (ಪೆಟ್ರೋಲ್ ಹೋಗೋ ಸಣ್ಣ ತೂತು) ಎಷ್ಟು ಹೋಗುತ್ತೋ ಅಷ್ಟೇ. ಮಿಶ್ರಣ ತೆಳುವಾಗುತ್ತೆ, ಎಂಜಿನ್ ಬಿಸಿಯಾಗುತ್ತೆ, ಎಳೆತ ಸಾಯುತ್ತೆ, ಐಡಲ್ ನಡುಗುತ್ತೆ. ನನ್ನ 800ರಲ್ಲಿ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿಸಿ, ಫ್ಲೋಟ್ ಮಟ್ಟ ಸರಿ ಮಾಡಿಸಿದ ಮೇಲೆ ಗಾಡಿ ಬದಲಾಯಿತು. ಹಳೇ ರಬ್ಬರ್ ಪೈಪ್, ಪಂಪ್‌ನ ಡಯಾಫ್ರಾಮ್ ಎಲ್ಲಾ ಎಥನಾಲ್‌ಗೆ ಮೆತ್ತಗಾಗಿ ಬಿರಿಯುತ್ತವೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದ್ರೆ ಬೆಂಕಿ. ಬೇರೆ ಏನೂ ಮಾಡಿಸದಿದ್ರೂ ಪೈಪ್ ಬದಲಿಸಿ.

ಹುಬ್ಬಳ್ಳಿ_ಅಂಬಾಸಿಡರ್
ಇದು ಖರೇ ಮಾತು. ನಂದೂ ಪೈಪ್ ಬಿರದಿತ್ರಿ, ವಾಸನಿ ಬಂದಿದ್ದಕ್ಕ ಗೊತ್ತಾತು.

ಪೀಣ್ಯ_ಲೇತ್
ಪ್ಲಗ್‌ಗಳಿಗೆ ಕಿಡಿ ಹಂಚೋ ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಅಡ್ವಾನ್ಸ್ (ಕಿಡಿಯ ಸಮಯ ಹೊಂದಿಸೋ ಭಾಗ) ಕೂಡ ನೋಡಿಸಿ. ಸಣ್ಣ ಪೈಪ್ ಕಿತ್ತು ಬಾಯಿಂದ ಎಳೆದ್ರೆ ಒಳಗಿನ ಪ್ಲೇಟ್ ಅಲುಗಬೇಕು, ಗಾಳಿ ನಿಲ್ಲಬೇಕು. ಸುಮ್ಮನೆ ಗಾಳಿ ಬಂದ್ರೆ ಡಯಾಫ್ರಾಮ್ ಹರಿದಿದೆ. ಇಗ್ನಿಷನ್ ಟೈಮಿಂಗ್ ಕಿವಿಯಲ್ಲಿ ಕೇಳಿ ಇಡೋದು ಬೇಡ, ಸ್ಟ್ರೋಬ್ ಲೈಟ್ ಹಾಕಿಸಿ. ಕಾರ್ಬ್‌ನ ಎರಡನೇ ಬ್ಯಾರೆಲ್ (ಜೋರಾಗಿ ಒತ್ತಿದಾಗ ತೆರೆಯೋ ದಾರಿ) ಅಂಟಿಕೊಂಡಿದ್ರೂ ಇದೇ ಲಕ್ಷಣ: ಕೆಳಗೆ ಸರಿ, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಏನೂ ಇಲ್ಲ.

ಕೊಟ್ಟಿಗೆಹಾರ_ಝೆನ್
ಎಲ್ಲರಿಗೂ ಧನ್ಯವಾದ. ಚಿಕ್ಕಮಗಳೂರಲ್ಲಿ ಗೇಜ್ ಇರೋ ಒಬ್ಬರು ಸಿಕ್ಕಿದ್ರು. ರೀಡಿಂಗ್: ಒಂದು 168, ಎರಡು 165, ಮೂರು 115, ನಾಲ್ಕು 166. ಮೂರಕ್ಕೆ ಎಣ್ಣೆ ಬಿಟ್ಟಾಗ 119, ಅಷ್ಟೇ. ಅಂದ್ರೆ ವಾಲ್ವಾ? ವ್ಯಾಕ್ಯೂಮ್ ಪೈಪ್ ಎಳೆದಾಗ ಗಾಳಿ ಸಲೀಸಾಗಿ ಬಂತು, ಅದೂ ಹರಿದಿದೆ.

ಪೀಣ್ಯ_ಲೇತ್
ವಾಲ್ವ್. ಉಳಿದ ಮೂರು ಒಂದೇ ಮಟ್ಟದಲ್ಲಿವೆ, ಹೊಸದರಷ್ಟಿಲ್ಲ ಆದ್ರೆ 28 ವರ್ಷದ ಎಂಜಿನ್‌ಗೆ ತಕರಾರಿಲ್ಲ. ಬೋರ್ ಮಾಡಿಸೋ (ಸಿಲಿಂಡರ್ ಕೊರೆದು ದೊಡ್ಡದು ಮಾಡಿಸೋ) ಅಗತ್ಯ ಕಾಣ್ತಿಲ್ಲ. ಮೊದಲು ಟ್ಯಾಪೆಟ್ ಗ್ಯಾಪ್ (ವಾಲ್ವ್ ಒತ್ತೋ ಭಾಗದ ಸಂದು) ನೋಡಿಸಿ, ತೀರಾ ಬಿಗಿ ಇದ್ರೆ ವಾಲ್ವ್ ಪೂರ್ತಿ ಮುಚ್ಚದೇ ಹೀಗೇ ತೋರಿಸುತ್ತೆ. ಅದು ಸರಿ ಮಾಡಿದ್ರೂ ಏರದಿದ್ರೆ ಹೆಡ್ ಇಳಿಸಿ.

ಹೆಡ್ ಇಳಿಸಿದಾಗ ಮಾಡಿಸಬೇಕಾದ್ದು: ಸುಟ್ಟ ವಾಲ್ವ್ ಬದಲಿಸಿ, ಎಲ್ಲಾ ಸೀಟ್ ಕಟ್ ಮಾಡಿ ಲ್ಯಾಪಿಂಗ್, ಗೈಡ್ ಸಡಿಲ ಇದೆಯಾ ನೋಡಿ, ಸ್ಟೆಮ್ ಸೀಲ್ ಪೂರ್ತಿ ಸೆಟ್. ಹೆಡ್‌ನ ಮುಖ ಸ್ಟ್ರೇಟ್ ಎಡ್ಜ್ ಇಟ್ಟು ಅಳೀಬೇಕು. 0.05 ಮಿಮೀಗಿಂತ ಹೆಚ್ಚು ಬಾಗಿದ್ರೆ ಮಾತ್ರ ಫೇಸಿಂಗ್ (ಮುಖ ಸವರಿ ಸಮ ಮಾಡೋದು). ಕೆಲವರು ಕಣ್ಣುಮುಚ್ಚಿ ಅರ್ಧ ಮಿಲಿಮೀಟರ್ ಹಾರಿಸ್ತಾರೆ, ಬಿಡಬೇಡಿ. ಇದು ಬ್ಲಾಕೂ ಹೆಡ್ಡೂ ಎರಡೂ ಅಲ್ಯುಮಿನಿಯಂ ಇರೋ ಎಂಜಿನ್. ಬೋಲ್ಟ್‌ಗಳನ್ನ ತಣ್ಣಗಿದ್ದಾಗಲೇ, ಮಧ್ಯದಿಂದ ಹೊರಗೆ, ಟಾರ್ಕ್ ರೆಂಚ್‌ನಲ್ಲೇ ಬಿಗಿಸಬೇಕು. ಟಾರ್ಕ್ ರೆಂಚ್ ಇಲ್ಲದ ಗ್ಯಾರೇಜಲ್ಲಿ ಈ ಹೆಡ್ ಕೂರಿಸಬೇಡಿ.

ರೇಡಿಯೇಟರ್ ಬಿಚ್ಚಿ ತೊಳೆಸಿ, ಥರ್ಮೋಸ್ಟಾಟ್ ಹೊಸದು ಹಾಕಿ. "ನಮ್ಮೂರಿಗೆ ಥರ್ಮೋಸ್ಟಾಟ್ ಬೇಡ" ಅಂತ ಕಿತ್ತು ಎಸೆಯೋರ ಮಾತು ಕೇಳಬೇಡಿ. ಬರೀ ನೀರು ಬೇಡ, ಕೂಲೆಂಟ್ ಹಾಕಿ.

ಶಿರಸಿ_800
ಟೈಮಿಂಗ್ ಬೆಲ್ಟ್ ಮತ್ತೆ ಟೆನ್ಷನರ್ ಅದರ ಜೊತೆಗೇ. ಹೇಗೂ ಬಿಚ್ಚಿರ್ತಾರೆ.

ಸಕಲೇಶಪುರ_ಜಿಪ್ಸಿ
ಹೆಡ್ ಕೆಲಸ, ಬೆಲ್ಟ್, ಕಾರ್ಬ್ ಸರ್ವಿಸ್, ಡಿಸ್ಟ್ರಿಬ್ಯೂಟರ್ ಎಲ್ಲಾ ಸೇರಿ 25 ಸಾವಿರ ದಾಟಬಾರದು. ಉಳಿದದ್ದರಲ್ಲಿ ಕ್ಲಚ್ ಸೆಟ್, ಮುಂದಿನ ಡಿಸ್ಕ್ ಪ್ಯಾಡ್, ಬ್ರೇಕ್ ಹೋಸ್, ನಾಲ್ಕು ಒಳ್ಳೆ ಟೈರ್. ಆರ್‌ಟಿಒ ಕಡೆ ತಲೆಬಿಸಿ ಇಲ್ಲ.

ಟರ್ಬೊ_ತುಮಕೂರು
ಸರಿ, ಈ ರೀಡಿಂಗ್ ನೋಡಿದ ಮೇಲೆ ನಾನೂ ಹೆಡ್ ಮಾಡಿಸಿ ಅಂತೀನಿ. ಮೂರು ಸಿಲಿಂಡರ್‌ನಲ್ಲಿ ಓಡೋ ಕಾರನ್ನ ಇಟ್ಕೊಂಡು 50 ಬಿಎಚ್‌ಪಿ ಸಾಲಲ್ಲ ಅನ್ನೋದು ನ್ಯಾಯ ಅಲ್ಲ. ಆದ್ರೂ ರ್‍ಯಾಲಿಗೋ ಟ್ರ್ಯಾಕ್‌ಗೋ ಅಂತ ಒಂದು ಝೆನ್ ಕಟ್ಟೋದಾದ್ರೆ 1.3ಕ್ಕಿಂತ ಒಳ್ಳೆ ಆಯ್ಕೆ ಇಲ್ಲ, ಆ ಮಾತು ಬಿಡಲ್ಲ.

ಪೀಣ್ಯ_ಲೇತ್
ಟ್ರ್ಯಾಕ್‌ಗಾದ್ರೆ ನಾನೇ ಬೋರ್ ಮಾಡಿಕೊಡ್ತೀನಿ ಬನ್ನಿ.

ಕೊಟ್ಟಿಗೆಹಾರ_ಝೆನ್
ಟ್ಯಾಪೆಟ್ ಸರಿ ಮಾಡಿಸಿದ್ರೂ 115 ಏರಲಿಲ್ಲ. ಹೆಡ್ ಇಳಿಸಿದ್ರು, ಮೂರನೇ ಸಿಲಿಂಡರ್‌ನ ಎಗ್ಸಾಸ್ಟ್ ವಾಲ್ವ್ ಅಂಚು ಸುಟ್ಟಿದೆ. ಸಿಲಿಂಡರ್ ಗೋಡೆಯಲ್ಲಿ ಉಗುರಿಗೆ ಸಿಗೋ ಗೆರೆ ಒಂದೂ ಇಲ್ಲ ಅಂದ್ರು. ಅಪ್ಪನಿಗೆ ಫೋಟೋ ತೋರಿಸಿದೆ, ಬಹಳ ಖುಷಿಯಾದ್ರು. ಜೆಟ್ ಬಗ್ಗೆ ಒಂದು ಪ್ರಶ್ನೆ: ದೊಡ್ಡ ಜೆಟ್ ಹಾಕಿಸಿದ್ರೆ ಹೊಗೆ ತಪಾಸಣೆಯಲ್ಲಿ ಫೇಲ್ ಆಗಲ್ವಾ?

ಶಿರಸಿ_800
97ರ ಗಾಡಿಗೆ ಐಡಲ್‌ನಲ್ಲಿ ಸಿಒ (ಕಾರ್ಬನ್ ಮಾನಾಕ್ಸೈಡ್) ಮಿತಿ ಶೇ 3, ಹೈಡ್ರೋಕಾರ್ಬನ್ 1,500 ಪಿಪಿಎಂ. ಮೇನ್ ಜೆಟ್ ಐಡಲ್‌ನಲ್ಲಿ ಕೆಲಸ ಮಾಡಲ್ಲ, ಐಡಲ್ ಮಿಶ್ರಣದ ಸ್ಕ್ರೂ ಬೇರೆ. ಅದನ್ನ ಗ್ಯಾಸ್ ಅನಲೈಸರ್ ಇಟ್ಟು ಸರಿ ಮಾಡಿಸಿ, ಸಲೀಸಾಗಿ ಪಾಸಾಗುತ್ತೆ. ಜೆಟ್ ಬದಲಿಸಿದ ಮೇಲೆ ಒಂದು ಲಾಂಗ್ ಡ್ರೈವ್ ಮಾಡಿ ಪ್ಲಗ್ ಬಿಚ್ಚಿ ನೋಡಿ. ತಿಳಿಕಂದು ಬಣ್ಣ ಇದ್ರೆ ಸರಿ. ಬಿಳಿ ಇದ್ರೆ ಇನ್ನೂ ತೆಳು, ಕಪ್ಪು ಮಸಿ ಇದ್ರೆ ಹೆಚ್ಚಾಯ್ತು.

ಮಂಡ್ಯ_ಹೈದ
ಇಲ್ಲೇ ನಂದೂ ಕೇಳ್ಬಿಡ್ತೀನಿ. ಮಾವನ ಹತ್ರ 88ರ ಜಿಪ್ಸಿ ಐತೆ, 970 ಸಿಸಿ. ಅದುಕ್ಕೆ ಜಿಪ್ಸಿ ಕಿಂಗ್‌ದು 1.3 ಹಾಕ್ಬೋದಾ? ಅದೂ ಜಿಪ್ಸಿನೇ ಅಲ್ವಾ.

ಸಕಲೇಶಪುರ_ಜಿಪ್ಸಿ
ಕೂರುತ್ತೆ, ಎರಡೂ ಉದ್ದಕ್ಕೆ ಕೂರೋ ಎಂಜಿನ್. ಹಳೇದಕ್ಕೆ 4 ಗೇರ್, ಕಿಂಗ್‌ಗೆ 5, ಗೇರ್‌ಬಾಕ್ಸ್ ಸಮೇತ ಹಾಕೋದು ಒಳ್ಳೇದು. ಎಸ್ಟೀಮ್‌ದು ತಂದು ಹಾಕಿ ಅಂದ್ರೆ ಒಪ್ಪಬೇಡಿ, ಅದು ಅಡ್ಡ ಕೂರೋದು, ಸಂಪ್, ಮ್ಯಾನಿಫೋಲ್ಡ್, ಮೌಂಟ್ ಎಲ್ಲಾ ಬದಲಿಸಬೇಕಾಗುತ್ತೆ.

ಕಾಗದಪತ್ರ
ಹೆಸರು ಜಿಪ್ಸಿನೇ ಆದ್ರೂ ಸಿಸಿ ಬೇರೆ, ಮಾಡೆಲ್ ಬೇರೆ. ಮೇಲೆ ಬರೆದದ್ದೇ ಇದಕ್ಕೂ ಅನ್ವಯ. ಮೊದಲು ನಿಮ್ಮ ಆರ್‌ಟಿಒದಲ್ಲಿ ಲಿಖಿತವಾಗಿ ಕೇಳಿ, ಆಮೇಲೆ ಸ್ಪ್ಯಾನರ್ ಹಿಡೀರಿ.

ಪೀಣ್ಯ_ಲೇತ್
ಮಂಡ್ಯದವರೇ, ಆ ಜಿಪ್ಸಿಯ ಕಂಪ್ರೆಷನ್ ಎಷ್ಟಿದೆ?

ಮಂಡ್ಯ_ಹೈದ
ನೋಡ್ಸಿಲ್ಲ ಸರ್. ಭಾನುವಾರ ನೋಡುಸ್ಬುಟ್ಟು ಹೇಳ್ತೀನಿ.